ಮೂರನೆಯ ತೊಟ್ಟಿಲು ತಣ್ಣಗಾಗುವ ಹೊತ್ತು

ಮಧ್ಯಾಹ್ನ ಮೂರು ಗಂಟೆ ಆಯಿತೆಂದರೆ ನಮ್ಮ ಕೋಣೆಯ ಮೂರನೆಯ ತೊಟ್ಟಿಲ ಹತ್ತಿರ ಯಾರೂ ಹೋಗುತ್ತಿರಲಿಲ್ಲ. ಹೋಗಬೇಡಿ ಎಂದು ಯಾರೂ ಹೇಳಿರಲಿಲ್ಲ. ಆದರೂ ಸರಿಯಾಗಿ ಆ ಹೊತ್ತಿಗೇ ಒಬ್ಬ ನರ್ಸಿಗೆ ಹತ್ತಿ ಕತ್ತರಿಸುವ ಕೆಲಸ ನೆನಪಾಗುತ್ತಿತ್ತು, ಇನ್ನೊಬ್ಬಳಿಗೆ ಕೂಸುಗಳಿಗೆ ಹಾಲು ಹನಿಸುವ ಒಳಲೆಗಳನ್ನು ಕುದಿಸಿಡಬೇಕೆನಿಸುತ್ತಿತ್ತು. ನಾನು ದೊಡ್ಡ ಧೈರ್ಯಸ್ಥೆಯ ಹಾಗೆ ಮೇಜಿನ ಮುಂದೆ ಕುಳಿತು ರಿಜಿಸ್ಟರಿಗೆ ಗೆರೆ ಎಳೆಯುತ್ತಿದ್ದೆ. ನಾಳೆಯ ಪುಟಕ್ಕೂ ಎಳೆಯುತ್ತಿದ್ದೆ.

ಇದು ಹಳೇಬೀಡಿನ ಹತ್ತಿರ, ಈಗ ಬಾಗಿಲು ಹಾಕಿರುವ ಒಂದು ಸಣ್ಣ ಆಸ್ಪತ್ರೆಯ ಮಾತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿದ್ದಿರಬೇಕು. ದಿನ ತುಂಬದೆ ಹುಟ್ಟಿದ ಕೂಸುಗಳನ್ನಿಡುವ ಕೋಣೆಗೆ ನಾನು ಹಿರಿಯ ನರ್ಸ್. ಮಕ್ಕಳ ಡಾಕ್ಟರು ಹಾಸನದಿಂದ ಬೆಳಿಗ್ಗೆ ಬಂದು ಹನ್ನೆರಡಕ್ಕೆಲ್ಲ ಹೊರಟುಬಿಡುತ್ತಿದ್ದರು. ಆಮೇಲೆ ಬಂದ ಕೂಸು ಎಲ್ಲಿ ಮಲಗಬೇಕು ಎಂಬುದು ನನ್ನ ತೀರ್ಮಾನ. ಕೋಣೆಯಲ್ಲಿ ಕೂಸುಗಳನ್ನು ಬೆಚ್ಚಗಿಡುವ ಯಂತ್ರಗಳು ಮೂರಿದ್ದವು. ಮೇಲೆ ಶಾಖ ಕೊಡುವ ಸರಳು, ಕೆಳಗೆ ಪುಟ್ಟ ಹಾಸಿಗೆ. ವಾರ್ಮರ್ ಎನ್ನುವುದು ಅದರ ಹೆಸರು. ನಮ್ಮ ಆಯಾ ಅದನ್ನು ತೊಟ್ಟಿಲು ಎನ್ನುತ್ತಿದ್ದಳು, ನಮ್ಮ ಬಾಯಿಗೂ ಅದೇ ಹತ್ತಿಬಿಟ್ಟಿತ್ತು. ಒಂದು ಮತ್ತು ಎರಡು ಬಾಗಿಲ ಬಳಿ. ಮೂರನೆಯದು ಹಿಂಗೋಡೆಯ ಮೂಲೆಯಲ್ಲಿ, ಆಮೇಲೆ ತಂದು ಸೇರಿಸಿದ್ದು. ಅದು ಉರಿಯುತ್ತಿದೆಯೆಂದು ತೋರಿಸುವ ಕೆಂಪು ದೀಪ ನಾನು ಕೆಲಸಕ್ಕೆ ಬರುವ ಮೊದಲೇ ಸುಟ್ಟುಹೋಗಿತ್ತು. ಸರಳು ಎಷ್ಟು ಕಾದರೂ ಬಣ್ಣ ತಿರುಗುವ ಜಾತಿಯದಲ್ಲ. ಬೆಳಿಗ್ಗೆ ಕೈ ಹಿಡಿದರೆ ಬಿಸಿ ತಾಕುತ್ತಿತ್ತು, ನಮಗೆ ಅಷ್ಟು ಸಾಕಾಗಿತ್ತು.

ಆ ಮಳೆಗಾಲದಲ್ಲಿ ಮೂರನೆಯ ತೊಟ್ಟಿಲಲ್ಲಿ ಎರಡು ಕೂಸು ಹೋದವು. ಎರಡೂ ಮಧ್ಯಾಹ್ನದಲ್ಲೇ. ಎರಡು ಗಂಟೆಗೆ ಜ್ವರ ನೋಡಿದಾಗ ಎಲ್ಲ ಸರಿಯಿರುತ್ತಿತ್ತು. ನಾಲ್ಕಕ್ಕೆ ಹಾಲು ಕೊಡಲು ಹೋದರೆ ತುಟಿ ನೀಲಿ, ಪಾದ ಕಲ್ಲಿನ ಹಾಗೆ ತಣ್ಣಗೆ. ದಿನ ತುಂಬದ ಕೂಸು, ಏನು ಮಾಡಲಾದೀತು ಎಂದು ಬರೆದು ಮುಗಿಸಿದೆವು. ಆಯಾ ಮಾತ್ರ ತೊಟ್ಟಿಲ ಕಾಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಹಾಸಿಗೆಯ ಅಡಿಯಲ್ಲಿ ಒಂದು ಕಬ್ಬಿಣದ ಮೊಳೆ ಇಟ್ಟಳು.

"ಅಲ್ಲಿ ಯಾರೋ ಮಾತಾಡ್ತಾರೆ ಸಿಸ್ಟರಮ್ಮ. ನಿಮ್ಗೆ ಕೇಳ್ಸಲ್ವಾ?" ಎಂದಳು ಒಂದು ದಿನ.

"ಏನಂತಾರಂತೆ?"

"ಬ್ಯಾಡ ಅಂತಾರೆ. ಗೋಡೆ ಒಳಗಿಂದ."

"ಗೋಡೆ ಒಳಗೆ ಇಟ್ಟಿಗೆ ಇರುತ್ತೆ. ಸುಮ್ಮನೆ ನೆಲ ಒರೆಸಮ್ಮ," ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆಯೇ, ಖಾರ. ಅರಸೀಕೆರೆ ಪೇಟೆಯಲ್ಲಿ ಬೆಳೆದವಳು, ಮೈಸೂರಿನಲ್ಲಿ ನರ್ಸಿಂಗ್ ಓದಿದವಳು ಎಂಬ ಸಣ್ಣ ಜಂಬವೂ ಇತ್ತು. ಮೊಳೆಯನ್ನು ಕಿತ್ತು ಬಿಸಾಡಿದೆ. ಬೇವಿನ ಸೊಪ್ಪನ್ನು ಮಾತ್ರ ಯಾಕೋ ಮುಟ್ಟಲಿಲ್ಲ.

ಮೂರನೆಯ ತೊಟ್ಟಿಲಿಗೆ ಯಾವ ಕೂಸನ್ನು ಹಾಕುತ್ತಿದ್ದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಯಾವ ಪುಸ್ತಕದಲ್ಲೂ ಇಲ್ಲದ ನಿಯಮವೊಂದು ನನ್ನ ತಲೆಯಲ್ಲಿತ್ತು. ಬಾಗಿಲಲ್ಲಿ ನಿಂತು ಗಳಿಗೆಗೊಮ್ಮೆ ವಿಚಾರಿಸುವವರ ಕೂಸು ಒಂದು ಮತ್ತು ಎರಡಕ್ಕೆ. ವಿಚಾರಿಸದವರ ಕೂಸು ಮೂರಕ್ಕೆ. ಬೇಡವೆಂದು ಬಾಯಿಬಿಟ್ಟು ಹೇಳಿದವರದಂತೂ ಎರಡು ಮಾತಿಲ್ಲದೆ ಮೂರಕ್ಕೆ. ರಿಜಿಸ್ಟರಿನ ಕೊನೆಯ ಅಂಕಣದಲ್ಲಿ 'ಮನೆಯವರಿಗೆ ಬೇಡ' ಎಂದು ಬರೆಯುತ್ತಿದ್ದೆ. ಅಷ್ಟು ಬರೆದ ಮೇಲೆ ಆ ಕೂಸಿನ ಕಡೆ ಎರಡು ಸಲ ನೋಡುವಲ್ಲಿ ಒಂದು ಸಲ ನೋಡಿದರೂ ನಡೆಯುತ್ತದೆ ಎಂದು ಕೈಕಾಲುಗಳಿಗೆ ತಾವಾಗಿಯೇ ತಿಳಿದುಬಿಡುತ್ತಿತ್ತು.

ಆ ಎರಡು ಸಾವುಗಳ ಮೇಲೆ ಒಂದು ದಿನ ಸಂಜೆ ಒಂದೇ ಗಂಟೆಯೊಳಗೆ ಎರಡು ಕೂಸು ಬಂದವು. ಒಂದನೆಯ ತೊಟ್ಟಿಲಲ್ಲಿ ಕಾಮಾಲೆಯ ಕೂಸೊಂದಿತ್ತು. ಖಾಲಿಯಿದ್ದದ್ದು ಎರಡು ಮತ್ತು ಮೂರು.

ಮೊದಲು ಬಂದದ್ದು ಬಸ್ತಿಹಳ್ಳಿ ಕಡೆಯ ಹೆಣ್ಣು ಕೂಸು. ಸಾವಿರದ ನೂರು ಗ್ರಾಂ. ಅಳುವ ಶಕ್ತಿಯೂ ಇರಲಿಲ್ಲ, ಬೆಕ್ಕಿನ ಮರಿಯ ಹಾಗೆ ಬಾಯಿ ತೆರೆದು ಮುಚ್ಚುತ್ತಿತ್ತು. ತಾಯಿ ರಕ್ತಸ್ರಾವವಾಗಿ ಹೆಂಗಸರ ವಾರ್ಡಿನಲ್ಲಿ ಏಳಲಾರದೆ ಮಲಗಿದ್ದಳು. ಜೊತೆಗೆ ಬಂದಿದ್ದವಳು ತಾಯಿಯ ತಾಯಿ, ಕೂಲಿ ಮಾಡಿ ಒಣಗಿದ ಮೈಯ ಅಜ್ಜಿ. ಅವಳು ಬಾಗಿಲಲ್ಲಿ ನಿಂತು ಇಡೀ ವರಾಂಡಕ್ಕೆ ಕೇಳುವ ಹಾಗೆ ಹೇಳಿದಳು:

"ನಮಗ್ ಬ್ಯಾಡ ಇದು. ಯಾರಿಗ್ ಬೇಕು ಇದು? ತಿಪ್ಪೇಗ್ ಬಿಸಾಕಿ."

ಹೇಳಿದವಳೇ ಬಾಗಿಲಿಗೆ ಬೆನ್ನು ಮಾಡಿ ನೆಲದ ಮೇಲೆ ಕುಳಿತುಬಿಟ್ಟಳು. ನನಗೆ ಉರಿದುಹೋಯಿತು.

"ಹೆಣ್ಣಾಯ್ತು ಅಂತ ತಾನೇ? ನೀನೂ ಹೆಣ್ಣಲ್ವೇನಜ್ಜಿ? ನಿನ್ನ ಹೆತ್ತವಳು ತಿಪ್ಪೆಗೆ ಹಾಕಿದ್ದಳಾ?" ಎಂದು ಬಾಯಿಗೆ ಬಂದಂತೆ ಬೈದೆ. ಅವಳು ತಿರುಗಲಿಲ್ಲ. ಬೆನ್ನು ಮಾತ್ರ ಒಮ್ಮೆ ಅಲುಗಿತು.

ಹಿಂದೆಯೇ ಮಾದಿಹಳ್ಳಿಯ ಗಂಡು ಕೂಸು. ಸಾವಿರದ ಏಳುನೂರು ಗ್ರಾಂ, ಕೆಂಪಗೆ, ಸೂರು ಹಾರಿಹೋಗುವಂಥ ಅಳು. ಜೊತೆಗೆ ಹತ್ತು ಜನ. ಅವರ ಮುಂದೆ ಕೂಸಿನ ತಾತ, ಊರಿನ ಹಾಲಿನ ಡೈರಿಯ ಯಜಮಾನರು. "ಚೆನ್ನಾಗಿರೋದ್ರಲ್ಲಿ ಮಲಗ್ಸಮ್ಮ," ಎಂದರು. ಕೇಳಿಕೊಂಡದ್ದಲ್ಲ, ಹೇಳಿದ್ದು. ನಾನು ಗಂಡು ಕೂಸನ್ನು ಎರಡಕ್ಕೆ, ಹೆಣ್ಣು ಕೂಸನ್ನು ಮೂರಕ್ಕೆ ಹಾಕಿ, ಕೊನೆಯ ಅಂಕಣದಲ್ಲಿ ಬರೆಯುವುದನ್ನು ಬರೆದೆ.

ಮರುದಿನ ಎರಡು ಗಂಟೆಗೆ ಹೆಣ್ಣು ಕೂಸಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ ಮೂವತ್ತಾರೂವರೆ ಡಿಗ್ರಿ ಇತ್ತು, ಇರಬೇಕಾದಷ್ಟೇ. ಮೂಗಿನ ನಳಿಕೆಯಲ್ಲಿ ಎರಡು ಮಿಲಿ ಹಾಲು ಇಳಿಸಿದ್ದೆ, ದಕ್ಕಿಸಿಕೊಂಡಿತ್ತು. ಮೂರು ಗಂಟೆ ದಾಟಿದ ಮೇಲೆ ಯಾಕೋ ಕೋಣೆ ತೀರಾ ನಿಶ್ಶಬ್ದವಾಯಿತು ಅನಿಸಿತು. ಒಂದರ ಕೂಸು ಮಲಗಿತ್ತು, ಎರಡರದೂ ಮಲಗಿತ್ತು. ಎದ್ದು ಮೂಲೆಗೆ ಹೋದೆ. ಹೆಣ್ಣು ಕೂಸಿನ ಎದೆ ಏಳುತ್ತಿರಲಿಲ್ಲ. ಪಾದಕ್ಕೆ ಬೆರಳಿನಿಂದ ಹೊಡೆದೆ. ಇನ್ನೊಮ್ಮೆ ಹೊಡೆದೆ. ಮೂರನೆಯ ಸಲ ಹೊಡೆದಾಗ ಬಿಕ್ಕಿದ ಹಾಗೆ ಉಸಿರೆಳೆದುಕೊಂಡಿತು. ಥರ್ಮಾಮೀಟರ್ ಇಟ್ಟರೆ ಪಾದರಸ ಮೊದಲ ಗೆರೆಯನ್ನೇ ಮುಟ್ಟಲಿಲ್ಲ. ಮೂವತ್ತೈದಕ್ಕಿಂತ ಕೆಳಗೆ ಅದರಲ್ಲಿ ಗೆರೆಗಳೇ ಇರುವುದಿಲ್ಲ.

ಹತ್ತಿ ಸುತ್ತಿ, ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟೆ. ಐದರ ಹೊತ್ತಿಗೆ ಕೂಸು ಬೆಚ್ಚಗಾಯಿತು. ಯಂತ್ರವೂ ಕಾದಿತ್ತು. ಏನೂ ನಡೆದೇ ಇಲ್ಲ ಎನ್ನುವ ಹಾಗೆ ಮೂಲೆಯೆಲ್ಲ ಬಿಸಿ.

ಅದರ ಮರುದಿನ ಮತ್ತೆ ಅದೇ ಹೊತ್ತಿಗೆ ಕೂಸು ತಣ್ಣಗಾಯಿತು. ಈ ಸಲ ನಾನು ಪಾದಕ್ಕೆ ಹೊಡೆಯುತ್ತ ಬಗ್ಗಿದ್ದಾಗ ನನ್ನ ಕಿವಿಯ ಹತ್ತಿರವೇ ಕೇಳಿಸಿತು. ತುಂಬ ಮೆಲ್ಲಗೆ, ಉಸಿರಿನಲ್ಲಿ ಹೇಳಿದ ಹಾಗೆ.

"ಬ್ಯಾಡ... ಬ್ಯಾಡ... ಬ್ಯಾಡ..."

ನಾಚಿಕೆ ಬಿಟ್ಟು ಹೇಳುತ್ತೇನೆ, ಕೂಸನ್ನು ಅಲ್ಲೇ ಬಿಟ್ಟು ಬಾಗಿಲವರೆಗೆ ಓಡಿದೆ. ಹಾಡಹಗಲು, ತಲೆಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಿದೆ, ಮೈಮೇಲೆ ಬಿಳಿ ಸೀರೆಯಿದೆ, ಓದಿದ್ದೆಲ್ಲ ತಲೆಯಲ್ಲಿದೆ, ಆದರೂ ಓಡಿದೆ. ಬಾಗಿಲಲ್ಲಿ ಆಯಾ ನಿಂತಿದ್ದಳು. "ನಾನೂ ಬತ್ತೀನಿ, ಬನ್ನಿ," ಎಂದು ನನ್ನ ಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋದಳು. ಇಬ್ಬರೂ ಸೇರಿ ಕೂಸನ್ನು ಉಜ್ಜಿ ಉಜ್ಜಿ ಉಸಿರಾಡಿಸಿದೆವು. ಅಷ್ಟು ದಿನ ನಾನು ಬೈದಿದ್ದೆನಲ್ಲ, ಅವಳು ಅದನ್ನು ಎತ್ತಿ ಆಡಲಿಲ್ಲ.

ಆ ರಾತ್ರಿ ಒಂದೇ ಯೋಚನೆ ಕೊರೆಯಿತು. ಇನ್ನೊಂದು ಮಧ್ಯಾಹ್ನವನ್ನು ಆ ಕೂಸು ತಡೆಯುವುದಿಲ್ಲ. ದೆವ್ವವೇ ಇರಲಿ, ಅದು ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಡಿ ಬರೆದಿಡುವುದು ನನ್ನ ಕೆಲಸ. ಮರುದಿನ ಎರಡು ಗಂಟೆಗೆ ಸ್ಟೂಲು ಎಳೆದುಕೊಂಡು ಮೂರನೆಯ ತೊಟ್ಟಿಲ ಪಕ್ಕದಲ್ಲೇ ಕುಳಿತೆ. ಕಾಲು ಗಂಟೆಗೊಮ್ಮೆ ಜ್ವರ ನೋಡುವುದು, ಬರೆಯುವುದು. ಎರಡೂಕಾಲಿಗೆ ಮೂವತ್ತಾರೂವರೆ. ಎರಡೂವರೆಗೆ ಕರೆಂಟ್ ಹೋಯಿತು. ಆ ಮಳೆಗಾಲದುದ್ದಕ್ಕೂ ದಿನಾ ಮಧ್ಯಾಹ್ನ ಎರಡು ತಾಸು ಕರೆಂಟ್ ತೆಗೆಯುತ್ತಿದ್ದರು. ವಾಚ್‌ಮನ್ ಜನರೇಟರ್ ಹಾಕಿದ, ಟ್ಯೂಬ್‌ಲೈಟ್ ಮತ್ತೆ ಹತ್ತಿತು. ಎರಡೂ ಮುಕ್ಕಾಲಿಗೆ ಮೂವತ್ತಾರು. ಮೂರಕ್ಕೆ ಮೂವತ್ತೈದೂವರೆ.

ಆಗ ನಾನು ಎದ್ದು ಸರಳಿನ ಕೆಳಗೆ ಕೈ ಹಿಡಿದೆ. ಸುಡಬೇಕಾಗಿದ್ದ ಕೈಗೆ ಬರೀ ಗಾಳಿ ತಾಕಿತು.

ಕೂಸನ್ನು ಆಯಾಳ ಕೈಗೆ ಕೊಟ್ಟು, ಸೀರೆಯ ಸೆರಗಿನಲ್ಲೇ ಮುಚ್ಚಿಕೊಂಡು ಎದೆಗೆ ಒತ್ತಿ ಹಿಡಿದುಕೋ ಎಂದೆ. ತೊಟ್ಟಿಲನ್ನು ಎಳೆದು ವೈರಿನ ಜಾಡು ಹಿಡಿದೆ. ಅದು ಕೋಣೆಯ ಪ್ಲಗ್ಗಿಗೆ ಹೋಗಿರಲೇ ಇಲ್ಲ. ಗೋಡೆಯಲ್ಲಿ ತೂತು ಕೊರೆದು ಹಿಂದಿನ ವರಾಂಡಕ್ಕೆ ದಾಟಿಸಿದ್ದರು. ಹೊರಗೆ ಹೋಗಿ ವಾಚ್‌ಮನ್ನನ್ನು ಕೂಗಿ ಕೇಳಿದೆ.

"ಅದು ಹಿಂದ್ಗಡೆ ಲೈನು ಸಿಸ್ಟರ್. ಜನರೇಟರ್‌ಗೆ ಸೇರಿಲ್ಲ. ಕರೆಂಟ್ ಹೋದ್ರೆ ಅದೂ ಹೋಗ್ತೈತೆ," ಎಂದ, ಮಳೆ ಬಂದರೆ ನೆಲ ಒದ್ದೆಯಾಗುತ್ತದೆ ಎನ್ನುವ ಹಾಗೆ. ಒಂದು, ಎರಡನೆಯ ತೊಟ್ಟಿಲು ಮತ್ತು ದೀಪ ಮಾತ್ರ ಜನರೇಟರಿನವು. ಬೆಳಕಿದೆಯಲ್ಲ, ಬಿಸಿಯೂ ಇದೆ ಎಂದು ನಾವೆಲ್ಲ ಕುಳಿತಿದ್ದೆವು. ಎರಡು ಕೂಸುಗಳು ಆ ಬೆಳಕಿನಡಿಯಲ್ಲೇ ತಣ್ಣಗಾಗಿ ಹೋಗಿದ್ದವು. ನಮ್ಮ ಭಯ ಉಳಿದದ್ದನ್ನು ಮಾಡಿತ್ತು, ಆ ಹೊತ್ತಿನಲ್ಲಿ ಯಾರೊಬ್ಬರೂ ಹತ್ತಿರ ಹೋಗಿ ಕೈ ಹಿಡಿದು ನೋಡದ ಹಾಗೆ.

ವೈರು ಹೊರಬರುವ ಜಾಗದಲ್ಲಿ, ಗೋಡೆಯ ಗವಾಕ್ಷಿಯ ಕೆಳಗೆ ಬಸ್ತಿಹಳ್ಳಿಯ ಅಜ್ಜಿ ಕುಳಿತಿದ್ದಳು. ಗೋಡೆಗೆ ಬೆನ್ನು, ಮುಖ ಹಿತ್ತಿಲ ಮುಳ್ಳುಬೇಲಿಯ ಕಡೆಗೆ. ತುಟಿ ಅಲ್ಲಾಡುತ್ತಿತ್ತು.

"ಬ್ಯಾಡ... ಬ್ಯಾಡ... ನಮಗ್ ಬ್ಯಾಡ..."

"ಅಜ್ಜಿ, ಏನ್ಮಾಡ್ತಿದೀಯ ಇಲ್ಲಿ?"

ಅವಳು ಬೆಚ್ಚಿ ಬಾಯಿಗೆ ಬೆರಳಿಟ್ಟು ತೋರಿಸಿದಳು. "ಮೆತ್ತಗ್ ಮಾತಾಡವ್ವ. ನನ್ ಮಗ್ಳದು ಮೊದ್ಲಿನ್ ಎರಡು ಹೋದ್ವು. ಬೇಕು ಬೇಕು ಅಂತ ಮುದ್ದಾಡಿದ್ವು ಕಣವ್ವ, ಅವೇ ಹೋದ್ವು. ಇದ್ನಾರ ಬ್ಯಾಡ ಅನ್ನಾನ ಅಂತ. ಮುಖಾನೇ ನೋಡಿಲ್ಲ ನಾನು. ನೋಡಿದ್ರೆ ಆಸೆ ಆಯ್ತದೆ. ಆಸೆ ಆದ್ರೆ ಅದಕ್ಕೆ ಗೊತ್ತಾಯ್ತದೆ."

"ಯಾವುದಕ್ಕೆ?"

ಅವಳು ಗದ್ದದಿಂದ ಬೇಲಿಯ ಕಡೆ ತೋರಿಸಿದಳು. "ನಾ ಬ್ಯಾಡ ಅಂದಾಗೆಲ್ಲ, ನಂಗ್ ಬೇಕು ಅಂತೈತೆ."

ನಾನು ಕಿವಿಗೊಟ್ಟೆ. ಜನರೇಟರಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಆದರೆ ಬೇಲಿಯಾಚೆ ಮೇಯುತ್ತಿದ್ದ ಎಮ್ಮೆಗಳು ಮೂರೂ ತಲೆ ಎತ್ತಿ, ಮೇಯುವುದನ್ನು ನಿಲ್ಲಿಸಿ, ಯಾರೂ ಇಲ್ಲದ ಒಂದೇ ಜಾಗವನ್ನು ನೋಡುತ್ತ ನಿಂತಿದ್ದವು.

ನನ್ನ ಸ್ವಂತ ಸೋದರತ್ತೆಯ ಹೆಸರು ತಿಪ್ಪಮ್ಮ. ಮೊದಲಿನ ಮಕ್ಕಳು ಹೋದ ಮೇಲೆ ಹುಟ್ಟಿದವಳೆಂದು ಅವಳನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇಡವಾದ ಕೂಸೆಂದು ಊರಿಗೆಲ್ಲ ಕೇಳುವಂತೆ ಕೂಗಿ, ಆಮೇಲೆ ಎತ್ತಿ ತಂದು ಇಟ್ಟ ಹೆಸರು ಅದು. ಮನೆಯಲ್ಲಿ ನೂರು ಸಲ ಕೇಳಿದ ಕಥೆ. ಅಂಥ ಮನೆಯವಳು ನಾನು, ಬಾಗಿಲಲ್ಲಿ ಆ ಮಾತು ಕೇಳಿದ ಕೂಡಲೇ ಪೆನ್ನು ತೆಗೆದು ಬರೆದುಕೊಂಡಿದ್ದೆ! ಅಜ್ಜಿಯ ಪಕ್ಕದಲ್ಲಿ ನಿಂತು ನನಗೆ ಅಳು ಬಂತು, ಸಿಟ್ಟೂ ಬಂತು. ಎರಡೂ ನನ್ನ ಮೇಲೆಯೇ.

ಒಳಗೆ ಬಂದಾಗ ತೀರ್ಮಾನ ಮಾಡಲು ಹೆಚ್ಚು ಹೊತ್ತಿರಲಿಲ್ಲ. ಕೋಣೆಯಲ್ಲಿ ಇನ್ನೊಂದು ಪ್ಲಗ್ ಇರಲಿಲ್ಲ. ಭರವಸೆಯ ತೊಟ್ಟಿಲು ಎರಡೇ, ಕೂಸು ಮೂರು. ಕಾಮಾಲೆಯದನ್ನು ಇಳಿಸುವಂತಿಲ್ಲ. ಮಾದಿಹಳ್ಳಿಯ ಗಂಡು ಕೂಸು ಒಳ್ಳೆಯ ತೂಕ, ಚೀಪುತ್ತಿತ್ತು, ಮೈ ಒಂದೇ ಸಮ ಬೆಚ್ಚಗಿತ್ತು. ಅದನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಕಟ್ಟಿ ಹೊದಿಸಿದರೆ ಸಾಕು. ಡಾಕ್ಟರು ಒಂದು ಸಲ ಮಾಡಿ ತೋರಿಸಿದ್ದರು, ನಾವು ಮಾತ್ರ ಮಾಡಿರಲಿಲ್ಲ. ಹಾಸನಕ್ಕೆ ಫೋನ್ ಮಾಡಿದರೆ ಅವರು ಸಿಗಲಿಲ್ಲ. ನಾನು ಗಂಡು ಕೂಸನ್ನು ಎತ್ತಿದೆ.

ಯಜಮಾನರು ಬಾಗಿಲಿಗೇ ಅಡ್ಡ ನಿಂತರು. "ಏನಮ್ಮ ಇದು? ನನ್ ಮೊಮ್ಮಗನ್ನ ಇಳ್ಸಿ, ಅವ್ರೇ ಬ್ಯಾಡ ಅಂದಿರೋ ಕೂಸ್ನ ಮಲಗುಸ್ತೀಯಾ? ನಾನೇ ಕೇಳಿವ್ನಿ ಕಿವಿಯಾರ, ತಿಪ್ಪೇಗ್ ಹಾಕಿ ಅಂದ್ಲು ಆ ಮುದುಕಿ."

ಮೂರು ದಿನದ ಹಿಂದೆ ನಾನೂ ಇದೇ ಮಾತನ್ನು ಆಡುತ್ತಿದ್ದೆ. ಅದಕ್ಕೇ ಅವರ ಮೇಲೆ ಸಿಟ್ಟು ಮಾಡಲಾಗಲಿಲ್ಲ. "ಕೈ ತೊಳ್ಕೊಂಡು ಒಳಗೆ ಬನ್ನಿ ಯಜಮಾನ್ರೇ," ಎಂದೆ. ಆ ಕೋಣೆಗೆ ಮನೆಯವರು ಬರುವ ಹಾಗಿರಲಿಲ್ಲ. ಆ ನಿಯಮ ಮುರಿದದ್ದು ಅವತ್ತೇ. ಅವರ ಬೆರಳನ್ನು ಮೊದಲು ಮೊಮ್ಮಗನ ಪಾದಕ್ಕೆ ಮುಟ್ಟಿಸಿದೆ. ಆಮೇಲೆ ಆಯಾಳ ಸೆರಗು ಸರಿಸಿ ಹೆಣ್ಣು ಕೂಸಿನ ಪಾದಕ್ಕೆ.

ಅವರು ಬೆಂಕಿ ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು.

"ಏನವ್ವಾ ಇದು, ಇಷ್ಟ್ ತಣ್ಣಗೈತೆ?" ದನಿ ಇಳಿದಿತ್ತು. ಕೋಣೆಯ ಮೂಲೆಯನ್ನು ಒಮ್ಮೆ ನೋಡಿದರು. "ನಮ್ದು ಉಳ್ಕತದಾ, ಇಳಿಸಿದ್ರೆ?"

"ಉಳಿಯುತ್ತೆ. ತಾಯಿ ಎದೆಗಿಂತ ಒಳ್ಳೆ ಬಿಸಿ ಈ ಯಂತ್ರದಲ್ಲಿಲ್ಲ."

"ಏನಾರ ಆದ್ರೆ ನಿನ್ನ ಬಿಡಲ್ಲ ನಾನು."

"ಬಿಡಬೇಡಿ," ಎಂದೆ. ಹೇಳಿದ್ದು ಧೈರ್ಯವಾಗಿಯೇ. ಆದರೂ ಅರ್ಧ ಗಂಟೆಗೊಮ್ಮೆ ಹೋಗಿ ಗಂಡು ಕೂಸಿನ ಮೈ ಮುಟ್ಟಿ ನೋಡಿದೆ. ಅದು ತಾಯಿಯ ಸೀರೆಯೊಳಗೆ ಕಪ್ಪೆಯ ಹಾಗೆ ಕಾಲು ಮಡಚಿ, ಬೆಚ್ಚಗೆ ನಿದ್ದೆ ಹೊಡೆಯುತ್ತಿತ್ತು. ಸಂಜೆ ಡಾಕ್ಟರು ಫೋನಿನಲ್ಲಿ ಸಿಕ್ಕರು. ಎಲ್ಲ ಕೇಳಿಕೊಂಡರು. "ಆ ಪ್ಲಗ್ ಕಿತ್ತು ಹಾಕಿ," ಎಂದರು. ನಾನು ಕಿತ್ತು ಹಾಕಿ ಆಗಿತ್ತು.

ಹೆಣ್ಣು ಕೂಸು ಎರಡನೆಯ ತೊಟ್ಟಿಲಲ್ಲಿ ಐದು ದಿನ ಸಾವು ಬದುಕಿನ ನಡುವೆ ತೂಗಾಡಿತು. ನಾನು ಯಾರ ಮನೆಯವರು ಏನೆಂದರು ಎಂದು ಬರೆಯುವ ಅಂಕಣದ ಮೇಲೆ ಉದ್ದಕ್ಕೆ ಗೆರೆ ಹೊಡೆದೆ. ತೂಕ, ಮೈಬಿಸಿ, ಉಸಿರು, ಇವಿಷ್ಟನ್ನು ನೋಡಿ ಜಾಗ ಕೊಡುವುದು ಎಂದು ಗೋಡೆಗೆ ಬರೆದು ಅಂಟಿಸಿದೆ. ಆರನೆಯ ದಿನ ತಾಯಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದು ಕೂಸನ್ನು ಅವಳ ಎದೆಗೆ ಕಟ್ಟಿದೆವು. ಅವಳು ಕೂಸನ್ನು ನೋಡಿದಳು, ಒಂದು ಮಾತೂ ಆಡಲಿಲ್ಲ. ಅವಳಿಗೂ ಅಜ್ಜಿ ಹೇಳಿಕೊಟ್ಟಿದ್ದಳು. ಕಣ್ಣೀರು ಮಾತ್ರ ಕೂಸಿನ ನೆತ್ತಿಯ ಮೇಲೆ ತೊಟ್ಟಿಕ್ಕುತ್ತಿತ್ತು, ಅದನ್ನು ಅಡಗಿಸುವುದು ಅವಳ ಕೈಲಿರಲಿಲ್ಲ. ಎರಡು ಮಿಲಿ ನಾಲ್ಕಾಯಿತು, ನಾಲ್ಕು ಹತ್ತಾಯಿತು, ನಳಿಕೆ ಹೋಗಿ ಒಳಲೆ ಬಂತು.

ಮನೆಗೆ ಹೋಗುವ ದಿನ ಅಜ್ಜಿ ಹಿಂದಿರುಗಿ ನೋಡದೆ ಮುಂದೆ ಮುಂದೆ ನಡೆದಳು. ಗೇಟಿನ ಹತ್ತಿರ ನಿಂತು ನನ್ನನ್ನು ಕರೆದಳು. "ನೀನೂ ಒಂದ್ಸಲ ಅಂದ್ಬಿಡವ್ವ. ದೊಡ್ಡಾಸ್ಪತ್ರೆಯೋಳು ಅಂದ್ರೆ ಅದು ನಂಬ್ತೈತೆ." ನಾನು ಆಯಾಳ ಮುಂದೆ, ವಾಚ್‌ಮನ್ನನ ಮುಂದೆ, "ನಮಗೂ ಬೇಡ ಈ ಕೂಸು, ತಗೊಂಡು ಹೋಗಿ!" ಎಂದು ಕೂಗಿದೆ. ಯಾರೂ ನಗಲಿಲ್ಲ. ಆಯಾ ಬೇಲಿಯ ಕಡೆಗೆ ತಿರುಗಿ ನೆಲಕ್ಕೆ ಉಗುಳಿದಳು.

ಅಷ್ಟಕ್ಕೆ ಮುಗಿದಿದ್ದರೆ ಇದನ್ನು ಬರೆಯಲು ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ. ಮೊದಲು ಹೋದ ಎರಡು ಕೂಸುಗಳ ಪುಟ ತೆಗೆದು ನೋಡಿದೆ. ಎರಡರ ಮುಂದೆಯೂ ನನ್ನ ದುಂಡು ಅಕ್ಷರದಲ್ಲಿ 'ಮನೆಯವರಿಗೆ ಬೇಡ'. ಒಂದು ಮನೆಯವರು ಗುಳೆ ಹೋಗಿದ್ದರು, ಪತ್ತೆಯಾಗಲಿಲ್ಲ. ಇನ್ನೊಂದು ಕೂಸಿನ ತಾಯಿ ಹೆರಿಗೆಗೆಂದು ತವರಿಗೆ ಬಂದಿದ್ದವಳು, ಗಂಡನ ಮನೆ ಹಾರನಹಳ್ಳಿ. ರಜೆ ಹಾಕಿ ಅರಸೀಕೆರೆಗೆ ಹೋಗಿ, ಅಲ್ಲಿಂದ ಟೆಂಪೊ ಹಿಡಿದು ಅವಳ ಮನೆ ಹುಡುಕಿದೆ. ಯಾಕೆ ಬಂದೆನೆಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಅವಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡೊಡನೆ ಗುರುತು ಹಿಡಿದು ಮಣೆ ಕೊಟ್ಟಳು. ಪ್ಲಗ್ಗು, ವೈರು, ಜನರೇಟರು, ಎಲ್ಲವನ್ನೂ ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಹಂಗಾರೆ ಚಳಿ ಆಗಿತ್ತಾ ಅದಕ್ಕೆ?" ಎಂದಳು.

"ಆಗಿತ್ತು ಕಣಮ್ಮ."

ಅವಳು ಇನ್ನೊಂದು ಹಿಡಿ ಅವರೆಕಾಯಿ ಸುಲಿದಳು. ಆಮೇಲೆ ಒಳಗಿದ್ದವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು.

"ನಮ್ಮವ್ವ ಹೇಳ್ಕೊಟ್ಟಿದ್ಲು ಸಿಸ್ಟರ್, ಬಾಗ್ಲಲ್ಲೇ ಬ್ಯಾಡ ಅಂದ್ಬಿಡು, ಉಳ್ಕತದೆ ಅಂತ. ಅಂದೆ. ಜೋರಾಗೇ ಅಂದೆ. ನಮ್ಮವ್ವ ಹಿಂದ್ಗಡೆ ಗೋಡೆಗೊರಗಿ ಕೂತು ದಿನಾ ಅದ್ನೇ ಅಂತಿದ್ಲು. ಸುಳ್ಳಿಗ್ ಅಂದಿದ್ನ ಯಾರೋ ನಿಜ ಅಂತ ನಂಬ್ಬಿಟ್ರು ಅಂತ ಆವತ್ತಿಂದ ನಂಗೆ ನಿದ್ದೇನೇ ಬರಲ್ಲ. ಯಾರು ನಂಬಿದ್ರೋ ಏನೋ."

ಅವಳ ಮಡಿಲಲ್ಲಿದ್ದ ಮೊರವನ್ನು ತೆಗೆದು ಕೆಳಗಿಟ್ಟೆ. ಯಾರೂ ನಂಬಲಿಲ್ಲವೆಂದು ಹೇಳಿ ಎದ್ದು ಬರಬಹುದಿತ್ತು, ಟೆಂಪೊ ಇನ್ನೂ ಅಲ್ಲೇ ನಿಂತಿತ್ತು.

"ನಾನು ಕಣಮ್ಮ," ಎಂದೆ. "ನಂಬಿದ್ದು ನಾನು."